ಬಿ ಫಾರಂ ಯಾರ ಕೈಯಲ್ಲಿ?

ವಿಧಾನಸಭಾ ಚುನಾವಣೆ ಹತ್ತಿರ ಬರುತ್ತಿದ್ದಂತೆ ಕರ್ನಾಟಕದ ಯಾವುದೇ ತಾಲ್ಲೂಕು ಕೇಂದ್ರದ ಹೋಟೆಲಿನಲ್ಲಿ ಕುಳಿತರೂ ಮೊದಲು ಕಿವಿಗೆ ಬೀಳುವ ಮಾತು ‘ಯಾರು ಗೆಲ್ತಾರೆ’ ಎಂಬುದಲ್ಲ, ‘ಬಿ ಫಾರಂ ಯಾರಿಗಂತೆ’ ಎಂಬುದು. ಪಕ್ಷದ ಅಧಿಕೃತ ಅಭ್ಯರ್ಥಿ ಇಂಥವರು ಎಂದು ತಿಳಿಸುವ ಆ ಹಾಳೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಚುನಾವಣಾಧಿಕಾರಿಯ ಮೇಜು ಸೇರಬೇಕು. ಸೇರಿದರೆ ಪಕ್ಷದ ಚಿಹ್ನೆ. ಸೇರದಿದ್ದರೆ ಇಪ್ಪತ್ತು ವರ್ಷ ಬಾವುಟ ಹಿಡಿದವನೂ ಪಕ್ಷೇತರ. ಕ್ಷೇತ್ರದ ಎರಡು ಲಕ್ಷಕ್ಕೂ ಮೀರಿದ ಮತದಾರರು ಆ ಹೊತ್ತಿನಲ್ಲಿ ಟಿ.ವಿ. ನೋಡುತ್ತಿರುತ್ತಾರೆ. ಹಾಳೆಗೆ ರುಜು ಹಾಕುವವರು ಬೆಂಗಳೂರಿನಲ್ಲಿ, ಹಾಕಿಸುವವರು ದೆಹಲಿಯಲ್ಲಿ.

ಮತದಾನದ ಬಗ್ಗೆ ನಮ್ಮಲ್ಲಿ ಅಭಿಪ್ರಾಯಗಳಿಗೆ ಬರವಿಲ್ಲ. ಓದಿದವರಿಗೆ ಮಾತ್ರ ಮತ ಇರಲಿ ಎನ್ನುವವರಿದ್ದಾರೆ, ಮತ ಹಾಕದವರಿಗೆ ಪಡಿತರ ನಿಲ್ಲಿಸಿ ಎನ್ನುವವರಿದ್ದಾರೆ, ನೋಟಾ ಗೆದ್ದರೆ ಮರುಚುನಾವಣೆ ಆಗಲಿ ಎನ್ನುವವರಿದ್ದಾರೆ, ಮುಖ್ಯಮಂತ್ರಿಯನ್ನೂ ಜನರೇ ನೇರವಾಗಿ ಆರಿಸಲಿ ಎನ್ನುವವರಿದ್ದಾರೆ. ಇವುಗಳಲ್ಲಿ ಕೆಲವು ಎಂದೋ ತೀರ್ಮಾನವಾದ ಜಗಳಗಳು, ಕೆಲವು ಗಂಭೀರವಾಗಿ ಯೋಚಿಸಬೇಕಾದವು. ಆದರೆ ಹೆಚ್ಚಿನವು ಮತಗಟ್ಟೆಯ ಸುತ್ತಲೇ ಗಿರಕಿ ಹೊಡೆಯುತ್ತವೆ. ನಮ್ಮ ನಾಯಕರ ಆಯ್ಕೆಯ ಬಹುಪಾಲು ಕೆಲಸ ಮತಗಟ್ಟೆಯ ಬಾಗಿಲು ತೆರೆಯುವ ಮುಂಚೆಯೇ ಮುಗಿದಿರುತ್ತದೆ, ಉಳಿದದ್ದು ಎಣಿಕೆಯ ನಂತರ ನಡೆಯುತ್ತದೆ. ಎರಡೂ ಕಡೆ ಮತದಾರನಿಗೆ ಪ್ರವೇಶವಿಲ್ಲ ಎಂಬುದು ನನ್ನ ತಕರಾರು.

ಮೊದಲು ಹಳೆಯ ಜಗಳ. ‘ಅಕ್ಷರ ಬಾರದವರಿಗೆ ಮತ ಕೊಟ್ಟು ಕೆಟ್ಟೆವು’ ಎಂಬ ಮಾತನ್ನು ನಗರದ ಮಧ್ಯಮವರ್ಗದ ಮನೆಗಳಲ್ಲಿ ಇಂದಿಗೂ ಕೇಳಬಹುದು. ಆಯ್ದ ಕೆಲವರಿಗೆ ಮಾತ್ರ ಮಾತಿನ ಹಕ್ಕು ಕೊಡುವ ಪ್ರಯೋಗವನ್ನು ನಾವು ಮಾಡಿ ನೋಡಿದ್ದೇವೆ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದಾಗ ಅಲ್ಲಿದ್ದ 144 ಮಂದಿ ಜಮೀನುದಾರರು ಮತ್ತು ವರ್ತಕರು. ಅಂದಿನ ಮಟ್ಟಿಗೆ ಅದು ದೊಡ್ಡ ಹೆಜ್ಜೆಯೇ. ಆದರೆ ಗೇಣಿದಾರನ ಕಷ್ಟ, ಕೂಲಿಯವಳ ಕಷ್ಟ ಅಲ್ಲಿ ಪ್ರಸ್ತಾಪವಾಗಬೇಕಾದರೆ ಜಮೀನುದಾರನ ಬಾಯಿಂದಲೇ ಆಗಬೇಕಿತ್ತು. ಸಂವಿಧಾನ ಬರೆದವರು ಈ ಬಗೆಯ ಸೋಸುವಿಕೆಯನ್ನೆಲ್ಲ ಬದಿಗಿಟ್ಟು ವಯಸ್ಕರೆಲ್ಲರಿಗೂ ಒಂದೇ ಸಲಕ್ಕೆ ಮತ ಕೊಟ್ಟರು. 1951–52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 17 ಕೋಟಿ ಮತದಾರರು. ಬಹುಪಾಲು ಜನರಿಗೆ ಓದಲು ಬಾರದು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೆನ್ ಇದಕ್ಕೆ ಚಿಹ್ನೆಗಳ ದಾರಿ ಹುಡುಕಿದರು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿಹ್ನೆ. ತಮ್ಮ ಹೆಸರು ಹೇಳದೆ ‘ಇಂಥವನ ಹೆಂಡತಿ’, ‘ಇಂಥವನ ಮಗಳು’ ಎಂದಷ್ಟೇ ಬರೆಸಿದ ಸುಮಾರು 28 ಲಕ್ಷ ಹೆಂಗಸರನ್ನು ಅವರು ಪಟ್ಟಿಯಿಂದ ಕೈಬಿಟ್ಟರು. ಕಠೋರ ನಿರ್ಧಾರ. ಮುಂದಿನ ಸಲ ಆ ಹೆಂಗಸರು ತಮ್ಮ ಹೆಸರಿನಲ್ಲೇ ಬಂದರು.

ಓದಿಗೂ ವಿವೇಕಕ್ಕೂ ಗಂಟು ಹಾಕುವವರು ಎರಡು ಸಂಗತಿಗಳಿಗೆ ಉತ್ತರ ಕೊಡಬೇಕು. ಒಂದು, 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ. 81 ದಾಟಿ ಮತದಾನವಾಯಿತು. ದೇಶದಲ್ಲೇ ಹೆಚ್ಚು ಪದವೀಧರರಿರುವ ಪ್ರದೇಶಗಳಲ್ಲಿ ಒಂದಾದ ಬೆಂಗಳೂರಿನ ಮೂರು ನಗರ ಕ್ಷೇತ್ರಗಳು ಶೇ. 53–54ರಲ್ಲೇ ನಿಂತವು. ಮನೆ ಬದಲಿಸಿದವರ, ಊರು ಬಿಟ್ಟವರ ಹೆಸರುಗಳು ಪಟ್ಟಿಯಲ್ಲಿ ಉಳಿದಿರುವುದೂ ಇದಕ್ಕೆ ಒಂದು ಕಾರಣ, ನಿಜ. ಅದನ್ನು ಕಳೆದರೂ ಅಂತರ ದೊಡ್ಡದೇ. ಇನ್ನೊಂದು, ಹಳ್ಳಿಯ ಮತದಾರನಿಗೆ ಯಾವ ಚುನಾವಣೆಯಲ್ಲಿ ಏನು ತೀರ್ಮಾನವಾಗುತ್ತದೆ ಎಂಬುದು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಗೊತ್ತು. 1984ರ ಡಿಸೆಂಬರಿನಲ್ಲಿ ಕರ್ನಾಟಕ ಲೋಕಸಭೆಯ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಸೋಲನ್ನು ಒಪ್ಪಿ ರಾಜೀನಾಮೆ ಕೊಟ್ಟು ಹೊಸದಾಗಿ ಜನಾದೇಶ ಕೇಳಿದರು. ಮೂರು ತಿಂಗಳೂ ಕಳೆದಿರಲಿಲ್ಲ, 1985ರ ಮಾರ್ಚಿನಲ್ಲಿ ಅದೇ ಮತದಾರರು ಅದೇ ಹೆಗಡೆಯವರ ಜನತಾ ಪಕ್ಷಕ್ಕೆ 139 ಶಾಸಕರನ್ನು ಕೊಟ್ಟರು. ದೆಹಲಿಗೆ ರಾಜೀವ್, ಬೆಂಗಳೂರಿಗೆ ಹೆಗಡೆ. 2013ರಲ್ಲಿ ಕಾಂಗ್ರೆಸ್, 2014ರಲ್ಲಿ ಬಿಜೆಪಿ. 2023ರಲ್ಲಿ ಮತ್ತೆ ಕಾಂಗ್ರೆಸ್, 2024ರಲ್ಲಿ ಮತ್ತೆ ಬಿಜೆಪಿಗೆ ಹೆಚ್ಚಿನ ಸ್ಥಾನ. ಈ ಸೂಕ್ಷ್ಮ ಯಾವ ಡಿಗ್ರಿಯಿಂದಲೂ ಬಂದದ್ದಲ್ಲ. ಎಲ್ಲ ಚುನಾವಣೆಗಳನ್ನೂ ಒಂದೇ ದಿನ ಮುಗಿಸೋಣ ಎನ್ನುವವರು ಖರ್ಚಿನ ಲೆಕ್ಕ ಹೇಳುವಾಗ ಈ ಲೆಕ್ಕವನ್ನೂ ಜೊತೆಗೆ ಹೇಳಬೇಕು.

ಮತದಾರನಿಗೆ ಬೇಡವಾದರೆ ಅಭ್ಯರ್ಥಿಗಾದರೂ ಓದು ಬೇಡವೇ ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಹರಿಯಾಣ 2015ರಲ್ಲಿ ಪಂಚಾಯಿತಿ ಅಭ್ಯರ್ಥಿಗಳಿಗೆ ಶಾಲಾ ವಿದ್ಯಾಭ್ಯಾಸದ ಅರ್ಹತೆ ವಿಧಿಸಿತು, ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ರಾಜಸ್ಥಾನವೂ ಅದೇ ದಾರಿ ಹಿಡಿದು, 2019ರಲ್ಲಿ ಹಿಂದೆ ಸರಿಯಿತು. ಶಾಲೆ ಕಟ್ಟಿಸದ ಸರ್ಕಾರವೇ ಶಾಲೆಗೆ ಹೋಗಲಿಲ್ಲವೆಂದು ದಂಡ ವಿಧಿಸುವುದು ನನಗೆ ಒಪ್ಪಿಗೆಯಾಗುವ ನ್ಯಾಯವಲ್ಲ. ಪಕ್ಕದ ತಮಿಳುನಾಡಿನಲ್ಲಿ ಮಧ್ಯಾಹ್ನದ ಊಟ ಹಾಕಿ ಮಕ್ಕಳನ್ನು ಶಾಲೆಗೆ ಕರೆತಂದ ಕಾಮರಾಜರು ಹುಡುಗನಾಗಿದ್ದಾಗಲೇ ಶಾಲೆ ಬಿಟ್ಟವರು.

ಕಡ್ಡಾಯ ಮತದಾನ ಮತ್ತು ನೋಟಾ ಬಗ್ಗೆ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ಆಸ್ಟ್ರೇಲಿಯಾದಲ್ಲಿ 1924ರಿಂದ ಸಂಸತ್ ಚುನಾವಣೆಯಲ್ಲಿ ಮತ ಹಾಕುವುದು ಕಡ್ಡಾಯ, ತಪ್ಪಿದವರಿಗೆ ಸಣ್ಣ ದಂಡ, ಮತದಾನ ಶೇ. 90ರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಮತದಾನ ಶನಿವಾರ, ಅಂಚೆಯಲ್ಲೂ ಹಾಕಬಹುದು, ಊರು ಬಿಟ್ಟವರಿಗೂ ದಾರಿಯಿದೆ. ನಮ್ಮಲ್ಲಿ ರಾಯಚೂರಿನಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದವನು ಎರಡು ದಿನದ ಕೂಲಿ, ಬಸ್ ಚಾರ್ಜು ಬಿಟ್ಟು ಹೋಗಿ ಮತ ಹಾಕಬೇಕು. ಅವನಿಗೆ ದಂಡ ಹಾಕುವ ಮುಂಚೆ ಅವನಿರುವಲ್ಲೇ ಮತ ಹಾಕುವ ಏರ್ಪಾಡು ಆಗಲಿ. ನೋಟಾ ಗುಂಡಿ 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂತು. 2024ರಲ್ಲಿ ಇಂದೋರಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ಒತ್ತಿದರು. ಗೆದ್ದವರು ಗೆದ್ದೇ ಇದ್ದರು. ಸಿಟ್ಟು ದಾಖಲಿಸಲು ನೋಟಾ ಸಾಕು, ಆಯ್ಕೆ ಬದಲಿಸಲು ಸಾಲದು.

ಮತಗಟ್ಟೆಯ ಒಳಗಿನ ಪ್ರಶ್ನೆಗಳಲ್ಲಿ ನಿಜಕ್ಕೂ ತೂಕವಿರುವುದು ಎಣಿಕೆಯದು. ಹೆಚ್ಚು ಮತ ಪಡೆದವನು ಗೆದ್ದ ಎಂಬ ನಿಯಮ ಕೇಳಲು ಸರಳ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಒಂದೇ ಒಂದು ಮತದಿಂದ ಧ್ರುವನಾರಾಯಣ ಅವರಿಗೆ ಸೋತರು. ಕೃಷ್ಣಮೂರ್ತಿಯವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲವೆಂಬ ಮಾತು ಚಾಮರಾಜನಗರದ ಕಡೆ ಇಂದಿಗೂ ಓಡಾಡುತ್ತದೆ. 2023ರಲ್ಲಿ ಬೆಂಗಳೂರಿನ ಜಯನಗರ 16 ಮತಗಳಲ್ಲಿ ತೀರ್ಮಾನವಾಯಿತು. ನಿನ್ನ ಒಂದು ಮತಕ್ಕೆ ಬೆಲೆಯಿದೆ ಎನ್ನಲು ಈ ಕಥೆಗಳು ಚೆನ್ನಾಗಿ ಒದಗುತ್ತವೆ. ಆದರೆ 224 ಕ್ಷೇತ್ರಗಳನ್ನು ಒಟ್ಟಾಗಿಟ್ಟು ನೋಡಿದಾಗ ಬೇರೆಯದೇ ಚಿತ್ರ ಕಾಣುತ್ತದೆ. 2008ರಲ್ಲಿ ರಾಜ್ಯದಲ್ಲಿ ಹೆಚ್ಚು ಮತ ಬಂದದ್ದು ಕಾಂಗ್ರೆಸ್ಸಿಗೆ, ಶೇ. 34.8, ಸಿಕ್ಕ ಸ್ಥಾನ 80. ಬಿಜೆಪಿಗೆ ಶೇ. 33.9, ಸ್ಥಾನ 110, ಸರ್ಕಾರವೂ ಅವರದೇ. 2018ರಲ್ಲೂ ಇದೇ ಕಥೆ: ಕಾಂಗ್ರೆಸ್ಸಿಗೆ ಸುಮಾರು ಶೇ. 38 ಮತ, 80 ಸ್ಥಾನ, ಬಿಜೆಪಿಗೆ ಶೇ. 36 ಚಿಲ್ಲರೆ, 104 ಸ್ಥಾನ. 2004ರಲ್ಲಂತೂ ಏಳು ಶೇಕಡಾದಷ್ಟು ಹೆಚ್ಚು ಮತ ಪಡೆದ ಕಾಂಗ್ರೆಸ್ 65ರಲ್ಲಿ ನಿಂತಿತು, ಬಿಜೆಪಿ 79ಕ್ಕೆ ಏರಿತು. ಇದರಲ್ಲಿ ಮೋಸವೇನೂ ಇಲ್ಲ. ಒಂದು ಪಕ್ಷದ ಮತ ರಾಜ್ಯದ ತುಂಬ ತೆಳುವಾಗಿ ಹರಡಿದೆ. ಇನ್ನೊಂದರದು ಕರಾವಳಿಯಲ್ಲಿ, ಉತ್ತರದಲ್ಲಿ ಗಟ್ಟಿಯಾಗಿ ನಿಂತಿದೆ. ಮೂರನೆಯದರದು ಹಳೇ ಮೈಸೂರಿನಲ್ಲಿ. 1994ರಲ್ಲಿ ಜನತಾದಳ ಮೂರನೇ ಒಂದು ಭಾಗದಷ್ಟು ಮತದಲ್ಲೇ 115 ಸ್ಥಾನ ಗೆದ್ದು ಬಹುಮತ ಪಡೆದದ್ದಕ್ಕೂ ಮತ ಹಲವು ಕಡೆ ಹಂಚಿಹೋದದ್ದೇ ಕಾರಣ.

ಇಂಥದ್ದೇ ಎಡವಟ್ಟನ್ನು ನ್ಯೂಜಿಲೆಂಡ್ 1978 ಮತ್ತು 1981ರಲ್ಲಿ ಸತತ ಎರಡು ಸಲ ಅನುಭವಿಸಿತು. ಲೇಬರ್ ಪಕ್ಷಕ್ಕೆ ಮತ ಹೆಚ್ಚು, ಅಧಿಕಾರ ನ್ಯಾಷನಲ್ ಪಕ್ಷಕ್ಕೆ. ಅಲ್ಲಿನ ಜನ ಸುಮ್ಮನಿರಲಿಲ್ಲ. 1993ರಲ್ಲಿ ಜನಮತಗಣನೆ ನಡೆದು, 1996ರಿಂದ ಪಕ್ಷದ ಒಟ್ಟು ಮತಕ್ಕೆ ತಕ್ಕಂತೆ ಸ್ಥಾನ ಹಂಚುವ ಮಿಶ್ರ ಪದ್ಧತಿ ಬಂತು. ಕರ್ನಾಟಕದಲ್ಲಿ ಮೂರು ಸಲ ಆದರೂ ಇದು ಸುದ್ದಿಯೇ ಆಗಲಿಲ್ಲ. ಫಲಿತಾಂಶದ ರಾತ್ರಿ ಟಿ.ವಿ. ಪರದೆಯ ಮೂಲೆಯಲ್ಲಿ ಸ್ಥಾನದ ಸಂಖ್ಯೆ ಮಾತ್ರ ಓಡುತ್ತದೆ, ಮತದ ಶೇಕಡಾವಾರು ಲೆಕ್ಕ ಮರುದಿನದ ಪತ್ರಿಕೆಯ ಒಳಪುಟದಲ್ಲಿ ಮಲಗಿರುತ್ತದೆ.

ಪ್ರಮಾಣಾನುಗುಣ ಪದ್ಧತಿ ಎಂದಕೂಡಲೇ ಸಮ್ಮಿಶ್ರ ಸರ್ಕಾರದ ಭೂತ ಎದ್ದು ಬರುತ್ತದೆ. ಆ ಭಯ ನಿರಾಧಾರವಲ್ಲ. 2004ರಿಂದ 2007ರೊಳಗೆ ನಾವು ಮೂವರು ಮುಖ್ಯಮಂತ್ರಿಗಳನ್ನು ಕಂಡೆವು, ಮೂರನೆಯವರ ಸರ್ಕಾರ ಒಂದು ವಾರ ಇತ್ತು. ಆದರೆ ಆ ಅಸ್ಥಿರತೆ ಬಂದದ್ದು ಈಗಿರುವ ಪದ್ಧತಿಯಲ್ಲೇ ಎಂಬುದನ್ನು ಮರೆಯಬಾರದು. ನನಗೆ ಇದಕ್ಕಿಂತ ಸಣ್ಣ ಬದಲಾವಣೆಯೊಂದು ಹೆಚ್ಚು ಹಿಡಿಸುತ್ತದೆ: ಪ್ರಾಶಸ್ತ್ಯ ಮತ. ಒಬ್ಬನಿಗೆ ಒಂದು, ಇನ್ನೊಬ್ಬನಿಗೆ ಎರಡು ಎಂದು ಅಂಕಿ ಬರೆಯುವುದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವನನ್ನು ಕೈಬಿಟ್ಟು ಅವನ ಮತಗಳನ್ನು ಎರಡನೇ ಪ್ರಾಶಸ್ತ್ಯಕ್ಕೆ ಹಂಚುವುದು. ನಮ್ಮ ಜನಕ್ಕೆ ಇದು ತಿಳಿಯುವುದಿಲ್ಲ ಎನ್ನಬೇಡಿ. ವಿಧಾನ ಪರಿಷತ್ತಿನ ಏಳು ಪದವೀಧರ ಕ್ಷೇತ್ರ, ಏಳು ಶಿಕ್ಷಕರ ಕ್ಷೇತ್ರಗಳಲ್ಲಿ ದಶಕಗಳಿಂದ ಹೀಗೇ ಮತದಾನ ನಡೆಯುತ್ತಿದೆ. (ಆ ಪದವೀಧರರಲ್ಲೇ ಸಾವಿರಗಟ್ಟಲೆ ಮಂದಿ ಅಂಕಿ ಬರೆಯುವ ಕಡೆ ಟಿಕ್ ಹಾಕಿಯೋ ರುಜು ಹಾಕಿಯೋ ಮತ ಕೆಡಿಸಿಕೊಳ್ಳುವುದುಂಟು. ಓದಿದವರಿಗೆ ಮಾತ್ರ ಮತ ಎನ್ನುವವರ ಗಮನಕ್ಕೆ.) ಈ ಪದ್ಧತಿಯಲ್ಲಿ ಶೇ. 30 ಮತದಲ್ಲಿ ಗೆಲ್ಲಲಾಗುವುದಿಲ್ಲ. ಒಂದು ಜಾತಿ, ಒಂದು ಹೋಬಳಿಯ ಮತ ಕಟ್ಟಿಕೊಂಡು ಉಳಿದವರನ್ನು ಹೀಗಳೆಯುವವನು ಎರಡನೇ ಪ್ರಾಶಸ್ತ್ಯಕ್ಕಾಗಿಯಾದರೂ ಉಳಿದವರ ಬೀದಿಗೆ ಹೋಗಬೇಕಾಗುತ್ತದೆ.

‘ವ್ಯಕ್ತಿ ನೋಡಿ ಹಾಕಬೇಕೋ, ಪಕ್ಷ ನೋಡಿ ಹಾಕಬೇಕೋ’ ಎಂಬುದು ಪ್ರತಿ ಚುನಾವಣೆಯಲ್ಲೂ ಮರಳಿ ಬರುವ ಪ್ರಶ್ನೆ. ಪಕ್ಷಾಂತರ ನಿಷೇಧ ಕಾಯ್ದೆ 1985ರಲ್ಲಿ ಬಂದ ಮೇಲೆ ಶಾಸಕನೊಬ್ಬ ಸದನದಲ್ಲಿ ವಿಪ್ ಮೀರಿ ಮತ ಹಾಕಿದರೆ ಸ್ಥಾನ ಕಳೆದುಕೊಳ್ಳುತ್ತಾನೆ. ಅಂದಮೇಲೆ ಕಾನೂನು ಮಾಡುವ ಕೆಲಸಕ್ಕೆ ವ್ಯಕ್ತಿ ಎಂಥವನಾದರೇನು, ಪಕ್ಷವೇ ಎಲ್ಲ ಎನ್ನಬಹುದು. ಆದರೆ ಮತದಾರ ಶಾಸಕನನ್ನು ಕಾನೂನು ಮಾಡಲು ಕಳಿಸುವುದಿಲ್ಲ. ಬಗರ್ ಹುಕುಂ ಸಮಿತಿಯ ಅಧ್ಯಕ್ಷ ಶಾಸಕ, ಮನೆ ಹಂಚಿಕೆಯಲ್ಲಿ ಶಾಸಕನ ಮಾತು ನಡೆಯುತ್ತದೆ, ಪೊಲೀಸ್ ಠಾಣೆಗೆ, ತಹಶೀಲ್ದಾರರಿಗೆ, ಆಸ್ಪತ್ರೆಗೆ ಫೋನ್ ಮಾಡಬೇಕಾದವನೂ ಶಾಸಕನೇ. ಕಚೇರಿಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡದ ಕಡೆ, ಕೆಲಸ ಮಾಡಿಸಬಲ್ಲವನನ್ನು ಆರಿಸುವುದು ಅವಿವೇಕವಲ್ಲ. ಮದುವೆಗೆ ಬಂದನೇ, ಸಾವಿಗೆ ಬಂದನೇ ಎಂದು ಜನ ಲೆಕ್ಕ ಇಡುವುದು, ನಾಳೆ ಬಾಗಿಲು ತಟ್ಟಿದರೆ ತೆಗೆಯುತ್ತಾನೆಯೇ ಎಂದು ತಿಳಿಯಲು.

2019ರ ಪ್ರಸಂಗವನ್ನು ಈ ಬೆಳಕಿನಲ್ಲಿ ನೋಡಬೇಕು. ಕಾಂಗ್ರೆಸ್–ಜೆಡಿಎಸ್ ಸಮ್ಮಿಶ್ರ ಸರ್ಕಾರ ಉರುಳಿಸಿದ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಬಿಟ್ಟಿತು. ಡಿಸೆಂಬರಿನ ಉಪಚುನಾವಣೆಯಲ್ಲಿ 15 ಸ್ಥಾನಗಳ ಪೈಕಿ 12 ಬಿಜೆಪಿಗೆ ಹೋದವು. ಅನರ್ಹರಲ್ಲಿ ಹೆಚ್ಚಿನವರು ಹೊಸ ಚಿಹ್ನೆಯಡಿ ಹಳೆಯ ಕ್ಷೇತ್ರದಲ್ಲೇ ಗೆದ್ದು, ಹಲವರು ಮಂತ್ರಿಗಳಾದರು. ಜನರೇ ಕ್ಷಮಿಸಿದ ಮೇಲೆ ನಿಮ್ಮದೇನು ಎಂದು ಕೇಳಿದವರಿದ್ದಾರೆ. ಜನ ಕ್ಷಮಿಸಿದರು ಎಂದು ನನಗನಿಸುವುದಿಲ್ಲ. ಆಡಳಿತ ಪಕ್ಷದ ಶಾಸಕ ಬೇಕೋ, ವಿರೋಧ ಪಕ್ಷದವನು ಬೇಕೋ ಎಂಬ ಪ್ರಶ್ನೆಗೆ ಉತ್ತರ ಕೊಟ್ಟರು, ಅಷ್ಟೆ.

ಈಗ ಬಿ ಫಾರಂಗೆ ಬರೋಣ. ಟಿಕೆಟ್ ಹಂಚುವಾಗ ಪಕ್ಷಗಳು ಬಾಯಿಬಿಟ್ಟು ಹೇಳುವ ಅಳತೆಗೋಲು ಒಂದೇ: ಗೆಲ್ಲುವ ಕುದುರೆ. ಕುದುರೆಗೆ ಮೇವು ಬೇಕು. ವಿಧಾನಸಭಾ ಅಭ್ಯರ್ಥಿಯ ಅಧಿಕೃತ ವೆಚ್ಚದ ಮಿತಿ 40 ಲಕ್ಷ ರೂಪಾಯಿ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. 40 ಲಕ್ಷದಲ್ಲಿ ಎಷ್ಟು ದಿನ ಪ್ರಚಾರ ನಡೆಯುತ್ತದೆಂದು ಯಾವ ಬೂತ್ ಏಜೆಂಟನನ್ನಾದರೂ ಕೇಳಿ, ನಕ್ಕುಬಿಡುತ್ತಾನೆ. 2023ರಲ್ಲಿ ಗೆದ್ದ ನಮ್ಮ ಶಾಸಕರ ಪ್ರಮಾಣಪತ್ರಗಳನ್ನೇ ನೋಡಿದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಕೋಟ್ಯಧೀಶರು, ಅರ್ಧಕ್ಕಿಂತ ಹೆಚ್ಚು ಮಂದಿಯ ಮೇಲೆ ಕ್ರಿಮಿನಲ್ ಮೊಕದ್ದಮೆಗಳಿವೆ. ಮೊಕದ್ದಮೆಗಳಲ್ಲಿ ಪ್ರತಿಭಟನೆಯ ಕೇಸುಗಳೂ ಇರುತ್ತವೆ, ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅದಕ್ಕೇ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ಆದೇಶ ಕೊಟ್ಟಿತು: ಮೊಕದ್ದಮೆ ಇರುವವರನ್ನು ಆರಿಸಿದರೆ ಏಕೆ ಆರಿಸಿದಿರೆಂದು ಪಕ್ಷ 48 ಗಂಟೆಯೊಳಗೆ ಪ್ರಕಟಿಸಬೇಕು, ಗೆಲ್ಲುತ್ತಾರೆ ಎಂಬುದೊಂದೇ ಕಾರಣವಾಗಕೂಡದು. ಪಕ್ಷಗಳು ಪ್ರಕಟಿಸುತ್ತವೆ. ‘ಜನಾನುರಾಗಿ’, ‘ಸಮಾಜ ಸೇವಕರು’ ಎಂಬ ಧಾಟಿಯ ವಾಕ್ಯಗಳನ್ನು ಹೆಸರು ಬದಲಿಸಿ ಹೆಸರು ಬದಲಿಸಿ ಅಚ್ಚು ಹಾಕಿಸುತ್ತವೆ. ಹಣವಂತರನ್ನು ಸೋಸಿ ಒಳಬಿಡುವ ಈ ಜರಡಿಯಲ್ಲಿ ಹೆಂಗಸರು ಉಳಿಯುವುದು ಕಷ್ಟ: 2023ರಲ್ಲಿ ಗೆದ್ದ 224 ಶಾಸಕರಲ್ಲಿ ಮಹಿಳೆಯರು ಹತ್ತು.

ಬಿ ಫಾರಂ ಸಿಗದವರು ಏನೂ ಮಾಡಲಾಗದು ಎಂದಲ್ಲ. 2019ರಲ್ಲಿ ಮಂಡ್ಯದಲ್ಲಿ ಮೈತ್ರಿ ಪಕ್ಷಗಳು ಟಿಕೆಟ್ ನಿರಾಕರಿಸಿದ ಸುಮಲತಾ ಅಂಬರೀಶ್ ಪಕ್ಷೇತರರಾಗಿ ನಿಂತು, ಆಗಿನ ಮುಖ್ಯಮಂತ್ರಿಯ ಮಗನನ್ನೇ ಒಂದು ಲಕ್ಷಕ್ಕೂ ಮೀರಿದ ಅಂತರದಲ್ಲಿ ಸೋಲಿಸಿದರು. 2023ರಲ್ಲಿ ಪುತ್ತೂರಿನಲ್ಲಿ ಬಂಡಾಯ ನಿಂತ ಅರುಣ್ ಕುಮಾರ್ ಪುತ್ತಿಲ ಎರಡನೇ ಸ್ಥಾನಕ್ಕೆ ಬಂದು, ಬಿಜೆಪಿಯ ಅಧಿಕೃತ ಅಭ್ಯರ್ಥಿಯನ್ನು ಮೂರನೆಯದಕ್ಕೆ ತಳ್ಳಿದರು, ಗೆದ್ದದ್ದು ಕಾಂಗ್ರೆಸ್. ಅದೇ ವರ್ಷ ಟಿಕೆಟ್ ಕಳೆದುಕೊಂಡು ಪಕ್ಷ ಬದಲಿಸಿದ ಲಕ್ಷ್ಮಣ ಸವದಿ ಅಥಣಿಯಲ್ಲಿ ಗೆದ್ದರು, ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ ಹುಬ್ಬಳ್ಳಿಯಲ್ಲಿ ಸೋತರು. ದೊಡ್ಡ ಹೆಸರು, ಹಣ, ಇಲ್ಲವೇ ಸ್ವಂತ ಸಂಘಟನೆ ಇದ್ದವರು ಮಾತ್ರ ಹಾಳೆಯಿಲ್ಲದೆ ಹೋರಾಡಬಲ್ಲರು. ಸಾಧಾರಣ ಕಾರ್ಯಕರ್ತನಿಗೆ ಆ ದಾರಿ ಇಲ್ಲ.

ಹಾಗಾದರೆ ಅಭ್ಯರ್ಥಿಯನ್ನು ಪಕ್ಷದ ಕೆಳಹಂತದವರೇ ಆರಿಸಲಿ. ಇದನ್ನೂ ಕರ್ನಾಟಕ ಕಂಡಿದೆ. 2014ರಲ್ಲಿ ಕಾಂಗ್ರೆಸ್ ದೇಶದ ಕೆಲವೇ ಲೋಕಸಭಾ ಕ್ಷೇತ್ರಗಳಲ್ಲಿ ಆಂತರಿಕ ಚುನಾವಣೆ ನಡೆಸಿ ಅಭ್ಯರ್ಥಿ ಆರಿಸುವ ಪ್ರಯೋಗ ಮಾಡಿತು. ಅವುಗಳಲ್ಲಿ ಎರಡು ನಮ್ಮವು, ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ. ಪಕ್ಷದ ಸ್ಥಳೀಯ ಪ್ರತಿನಿಧಿಗಳು ಗುಪ್ತವಾಗಿ ಮತ ಹಾಕಿದರು. ಉತ್ತರದಲ್ಲಿ ಸಿ. ನಾರಾಯಣಸ್ವಾಮಿ, ಮಂಗಳೂರಿನಲ್ಲಿ ಜನಾರ್ದನ ಪೂಜಾರಿ ಗೆದ್ದು ಬಂದರು. ಚುನಾವಣೆಯಲ್ಲಿ ಇಬ್ಬರೂ ಸೋತರು. ದೇಶದಲ್ಲೇ ಎದುರುಗಾಳಿ ಇದ್ದ ವರ್ಷವದು, ಹೈಕಮಾಂಡ್ ಆರಿಸಿದವರೂ ರಾಶಿರಾಶಿಯಾಗಿ ಸೋತರು. ಆದರೂ ತಪ್ಪು ಹೊತ್ತದ್ದು ಪ್ರಯೋಗ. ಮತ್ತೆ ಅದರ ಹೆಸರೆತ್ತಿದವರಿಲ್ಲ.

ಇಲ್ಲಿ ನನ್ನ ವಾದಕ್ಕೇ ಎದುರಾಗಿ ನಿಲ್ಲುವ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. 1972ರಲ್ಲಿ ದೇವರಾಜ ಅರಸರು ಕಾಂಗ್ರೆಸ್ ಟಿಕೆಟ್ ಹಂಚಿದ ರೀತಿ ಕರ್ನಾಟಕದ ರಾಜಕೀಯವನ್ನೇ ಮಗುಚಿ ಹಾಕಿತು. ಅಲ್ಲಿಯವರೆಗೆ ವಿಧಾನಸೌಧದ ಮೆಟ್ಟಿಲು ಹತ್ತದ ಸಣ್ಣ ಸಣ್ಣ ಜಾತಿಗಳ ಯುವಕರನ್ನು ಅವರು ಹುಡುಕಿ ತಂದರು. 216 ಸ್ಥಾನಗಳಲ್ಲಿ 165 ಗೆದ್ದರು. ಆ ವರ್ಷ ಅರಸರು ಸ್ವತಃ ಸ್ಪರ್ಧಿಸಿಯೇ ಇರಲಿಲ್ಲ. ಅವರನ್ನು ಮುಖ್ಯಮಂತ್ರಿ ಮಾಡಿದ್ದು ಇಂದಿರಾ ಗಾಂಧಿ. ಹಿಂದುಳಿದ ವರ್ಗಗಳ ಹಾವನೂರು ಆಯೋಗ, ಉಳುವವನೇ ಹೊಲದೊಡೆಯ ಎಂಬ ಭೂಸುಧಾರಣೆ ಎಲ್ಲವೂ ಈ ಮೇಲಿನಿಂದ ಇಳಿದ ಆಯ್ಕೆಯ ಫಲ. ಅಂದು ಪ್ರತಿ ಕ್ಷೇತ್ರದಲ್ಲೂ ಪಕ್ಷದ ಸದಸ್ಯರಿಂದ ಮತ ಹಾಕಿಸಿದ್ದರೆ ಬಿ ಫಾರಂ ಹೋಗುತ್ತಿದ್ದುದು ಊರಿನ ದೊಡ್ಡ ಜಮೀನ್ದಾರರ ಮನೆಗೆ, ದೊಡ್ಡ ಜಾತಿಯವರ ಮನೆಗೆ. ಒಳಚುನಾವಣೆ ಎಂದರೆ ತನ್ನಷ್ಟಕ್ಕೇ ಸಾಮಾಜಿಕ ನ್ಯಾಯವಲ್ಲ. ಹತ್ತು ಸಾವಿರ ಸದಸ್ಯತ್ವದ ಚೀಟಿಗಳನ್ನು ಒಬ್ಬನೇ ಹಣ ಕಟ್ಟಿ ಖರೀದಿಸಬಲ್ಲ ಕ್ಷೇತ್ರದಲ್ಲಿ ಅದು ಇನ್ನೊಂದು ಹರಾಜಾಗಬಹುದು.

ಅದನ್ನು ಒಪ್ಪಿಯೂ ಹೇಳುತ್ತೇನೆ: ಅರಸರಂಥವರು ಮೇಲೆ ಕುಳಿತಿದ್ದದ್ದು ಒಂದು ಸಲ. ಅದೇ ಕುರ್ಚಿಯಲ್ಲಿ ಬೇರೆಯವರು ಕೂತಾಗ ಅದೇ ಅಧಿಕಾರ ಏನು ಮಾಡಿತು ಎಂಬುದಕ್ಕೆ ಉದಾಹರಣೆಗಳು ಹೇರಳ.

ಮುಖ್ಯಮಂತ್ರಿಗಳ ಕಥೆಯೇ ಸಾಕು. ಸಂವಿಧಾನ ಹೇಳುವುದು ರಾಜ್ಯಪಾಲರು ಮುಖ್ಯಮಂತ್ರಿಯನ್ನು ನೇಮಿಸುತ್ತಾರೆ ಎಂದಷ್ಟೆ. ಶಾಸಕರು ತಮ್ಮ ನಾಯಕನನ್ನು ಆರಿಸಿರುತ್ತಾರೆ ಎಂಬುದು ನಂಬಿಕೆ. ನಡೆಯುವುದೇನೆಂದರೆ, ಶಾಸಕಾಂಗ ಪಕ್ಷದ ಸಭೆಗೆ ದೆಹಲಿಯಿಂದ ವೀಕ್ಷಕರು ಬರುತ್ತಾರೆ, ‘ನಾಯಕನ ಆಯ್ಕೆಯನ್ನು ವರಿಷ್ಠರಿಗೆ ಬಿಟ್ಟಿದ್ದೇವೆ’ ಎಂಬ ಒಂದು ಸಾಲಿನ ನಿರ್ಣಯ ಅಂಗೀಕಾರವಾಗುತ್ತದೆ. 1989ರಲ್ಲಿ ವೀರೇಂದ್ರ ಪಾಟೀಲರ ಮುಂದಾಳತ್ವದಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ಮರುವರ್ಷ ಅಕ್ಟೋಬರಿನಲ್ಲಿ ಅನಾರೋಗ್ಯದಲ್ಲಿದ್ದ ಪಾಟೀಲರನ್ನು ಬದಲಿಸುವ ಸುದ್ದಿಯನ್ನು ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಹೇಳಿ ವಿಮಾನ ಹತ್ತಿದರು. 1994ರಲ್ಲಿ ಆ ಪಕ್ಷಕ್ಕೆ ಉಳಿದದ್ದು 34 ಸ್ಥಾನ. ಇದೊಂದೇ ಕಾರಣ ಅಲ್ಲ, ಆದರೆ ಉತ್ತರ ಕರ್ನಾಟಕದಲ್ಲಿ ಆ ಗಾಯ ಬೇಗ ಮಾಯಲಿಲ್ಲ. ಬಿಜೆಪಿ 2008–13ರ ಅವಧಿಯಲ್ಲಿ ಮೂವರನ್ನು ಕೂರಿಸಿತು, ಅವರಲ್ಲಿ ಇಬ್ಬರನ್ನು ಇಳಿಸಿತು. 2021ರಲ್ಲಿ ಯಡಿಯೂರಪ್ಪನವರ ಕಣ್ಣೀರಿನ ರಾಜೀನಾಮೆಯನ್ನು ನಾಡೇ ನೋಡಿತು. 2018ರಲ್ಲಿ ಶೇ. 18ರಷ್ಟು ಮತ, 37 ಸ್ಥಾನ ಪಡೆದು ಮೂರನೆಯದಾದ ಪಕ್ಷದ ನಾಯಕರು ಮುಖ್ಯಮಂತ್ರಿಯಾದರು. ಅದು ಸಂವಿಧಾನಬದ್ಧವೇ, ಆದರೆ ಮತಗಟ್ಟೆಗೆ ಹೋದವರಲ್ಲಿ ಎಷ್ಟು ಜನ ಇದನ್ನು ನಿರೀಕ್ಷಿಸಿದ್ದರು? 2023ರಲ್ಲಿ ಫಲಿತಾಂಶ ಬಂದದ್ದು ಮೇ 13ಕ್ಕೆ. ಶಾಸಕರ ಅಭಿಪ್ರಾಯ ಸಂಗ್ರಹವಾಯಿತು, ಪೆಟ್ಟಿಗೆ ದೆಹಲಿಗೆ ಹೋಯಿತು, ಹಿಂದೆಯೇ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಇಬ್ಬರೂ ಹೋದರು. ಮೇ 18ಕ್ಕೆ ಹೆಸರು ಹೊರಬಿತ್ತು. ಶಾಸಕರು ಯಾರಿಗೆ ಎಷ್ಟು ಮತ ಹಾಕಿದ್ದರು ಎಂಬ ಲೆಕ್ಕವನ್ನು ಪಕ್ಷ ಅಧಿಕೃತವಾಗಿ ಪ್ರಕಟಿಸಲಿಲ್ಲ. ಬಚ್ಚಿಟ್ಟ ಎಣಿಕೆಯ ಮೇಲೆ ಇಬ್ಬರ ನಡುವೆ ಕಟ್ಟಿದ ಒಪ್ಪಂದಕ್ಕೆ ವದಂತಿಗಳೇ ಕಾವಲು.

ಇದಕ್ಕೆ ತದ್ವಿರುದ್ಧವಾದ ನಡೆಯೂ ನಮ್ಮಲ್ಲೇ ಇದೆ. 2011ರ ಆಗಸ್ಟಿನಲ್ಲಿ ಬಿಜೆಪಿ ಶಾಸಕರು ಡಿ.ವಿ. ಸದಾನಂದ ಗೌಡ ಮತ್ತು ಜಗದೀಶ ಶೆಟ್ಟರ್ ನಡುವೆ ಗುಪ್ತ ಮತದಾನ ಮಾಡಿ ಗೌಡರನ್ನು ಆರಿಸಿದರು. ಬಣ ರಾಜಕೀಯದ ಒತ್ತಡದಲ್ಲಿ ಆದದ್ದಿರಬಹುದು, ಗೌಡರು ವರ್ಷ ತುಂಬುವ ಮೊದಲೇ ಇಳಿದೂ ಹೋದರು. ಆದರೂ ಶಾಸಕರಿಗೆ ಎಣಿಸಲು ಬರುತ್ತದೆ ಎಂಬುದಾದರೂ ಸಾಬೀತಾಯಿತು. ಕಾಂಗ್ರೆಸ್ ಪಕ್ಷದ ಅಧ್ಯಕ್ಷಗಿರಿಯ ಮಟ್ಟದಲ್ಲಿ 2022ರಲ್ಲಿ ಕಲಬುರಗಿಯ ಮಲ್ಲಿಕಾರ್ಜುನ ಖರ್ಗೆ 7,897 ಮತ ಪಡೆದು ಶಶಿ ತರೂರ್ ಅವರನ್ನು ಸೋಲಿಸಿದರು. ತರೂರರಿಗೆ ಬಂದದ್ದು 1,072. ಫಲಿತಾಂಶ ಮೊದಲೇ ಗೊತ್ತಿತ್ತು ಎಂದು ಮೂಗು ಮುರಿಯಬಹುದು. ಸೋತವನ ಮತವೂ ಲೆಕ್ಕಕ್ಕೆ ಸಿಕ್ಕ ಒಳಚುನಾವಣೆ ನಮ್ಮ ಬೇರೆ ಪಕ್ಷಗಳಲ್ಲಿ ಎಷ್ಟು ನಡೆದಿವೆ ಎಂದೂ ಕೇಳಬೇಕು.

ಮುಖ್ಯಮಂತ್ರಿಯನ್ನು ಜನರೇ ನೇರವಾಗಿ ಆರಿಸಲಿ ಎಂಬ ವಾದಕ್ಕೆ ಇಸ್ರೇಲ್ ಒಳ್ಳೆಯ ಪಾಠ. ಅಲ್ಲಿ 1996, 1999, 2001ರಲ್ಲಿ ಪ್ರಧಾನಿಗೆ ಪ್ರತ್ಯೇಕ ಮತದಾನ ನಡೆಯಿತು. ಬಲಿಷ್ಠ ನಾಯಕ ಸಿಗುತ್ತಾನೆ ಎಂಬ ಲೆಕ್ಕಾಚಾರ ತಲೆಕೆಳಗಾಯಿತು: ಪ್ರಧಾನಿಗೆ ಒಂದು ಮತ ಹಾಕಿದ ಜನ ಸಂಸತ್ತಿಗೆ ತಮ್ಮ ತಮ್ಮ ಸಣ್ಣ ಪಕ್ಷಕ್ಕೆ ಹಾಕಿದರು, ದೊಡ್ಡ ಪಕ್ಷಗಳು ಕುಗ್ಗಿದವು, ಗೆದ್ದ ಪ್ರಧಾನಿ ಹಿಂದಿಗಿಂತ ಹೆಚ್ಚು ಪಕ್ಷಗಳ ಮುಂದೆ ಕೈಯೊಡ್ಡಬೇಕಾಯಿತು. ಕೊನೆಗೆ ಆ ಪದ್ಧತಿಯನ್ನೇ ಕೈಬಿಟ್ಟರು. ಪಕ್ಷದ ಸದಸ್ಯರೆಲ್ಲ ಸೇರಿ ಆರಿಸಿದರೆ ಸರಿಹೋಯಿತು ಎನ್ನುವವರಿಗೆ ಬ್ರಿಟನ್ನಿನ 2022 ನೆನಪಿರಲಿ. ಕನ್ಸರ್ವೇಟಿವ್ ಸದಸ್ಯರು ಆರಿಸಿದ ಲಿಜ್ ಟ್ರಸ್ 49 ದಿನ ಪ್ರಧಾನಿಯಾಗಿದ್ದರು. ಅವರ ಸಂಸದರ ಮೊದಲ ಆಯ್ಕೆ ಬೇರೆಯಿತ್ತು.

ಮತದ ಬದಲು ಚೀಟಿ ಎತ್ತಿ ಆರಿಸೋಣ ಎಂಬ ಮಾತನ್ನು ತಮಾಷೆಯೆಂದು ತಳ್ಳಿಹಾಕುವ ಮುಂಚೆ ಒಂದು ನಿಮಿಷ. ಚೋಳರ ಕಾಲದ ಉತ್ತರಮೇರೂರು ಶಾಸನದ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ, ಮಡಕೆಯಲ್ಲಿ ಓಲೆ ಹಾಕಿ ಹುಡುಗನಿಂದ ಎತ್ತಿಸುತ್ತಿದ್ದರೆಂದು. ಆ ಓಲೆಯಲ್ಲಿ ಹೆಸರು ಬರಬೇಕಾದರೆ ಜಮೀನು, ವೇದಾಧ್ಯಯನ ಇರಬೇಕಿತ್ತು ಎಂಬುದನ್ನು ಹೇಳುವುದಿಲ್ಲ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ನೆಂಟರಿಗೂ ಅವಕಾಶವಿಲ್ಲ ಎಂಬ ನಿಯಮ ಮಾತ್ರ ಇಂದಿಗೂ ಬೇಕಾದದ್ದು. ನನಗೆ ಹೆಚ್ಚು ಹತ್ತಿರದ ಉದಾಹರಣೆ ಐರ್ಲೆಂಡ್. ಬೆಳಗಾವಿಯ ಸವಿತಾ ಹಾಲಪ್ಪನವರ್ 2012ರಲ್ಲಿ ಗಾಲ್ವೆಯ ಆಸ್ಪತ್ರೆಯಲ್ಲಿ ಗರ್ಭಪಾತ ನಿರಾಕರಿಸಲ್ಪಟ್ಟು ತೀರಿಕೊಂಡದ್ದು ನಮಗೆಲ್ಲ ನೆನಪಿದೆ. ಅಲ್ಲಿನ ರಾಜಕಾರಣಿಗಳು ಮುಟ್ಟಲು ಹೆದರುತ್ತಿದ್ದ ಆ ಪ್ರಶ್ನೆಯನ್ನು ಸರ್ಕಾರ 99 ಮಂದಿ ಸಾಮಾನ್ಯ ನಾಗರಿಕರ ಸಭೆಯ ಮುಂದಿಟ್ಟಿತು. ಅವರು ಚುನಾಯಿತರಲ್ಲ, ಜನಸಂಖ್ಯೆಯನ್ನು ಹೋಲುವಂತೆ ಯಾದೃಚ್ಛಿಕವಾಗಿ ಆರಿಸಿದವರು. ವೈದ್ಯರ, ವಕೀಲರ, ಎರಡೂ ಕಡೆಯವರ ಮಾತು ಕೇಳಿ ಅವರು ಕೊಟ್ಟ ಶಿಫಾರಸಿನ ಮೇಲೆ 2018ರಲ್ಲಿ ಜನಮತಗಣನೆ ನಡೆದು, ಮೂರನೇ ಎರಡು ಭಾಗ ಜನ ಕಾನೂನು ಬದಲಿಸಲು ಒಪ್ಪಿದರು. ನಾಯಕರನ್ನು ಹೀಗೆ ಆರಿಸಲಾಗದು. ನಾಯಕರು ತಪ್ಪಿಸಿಕೊಳ್ಳುವ ಪ್ರಶ್ನೆಗಳಿಗೆ ಉತ್ತರ ಹುಡುಕಲು ಇದು ಒದಗುತ್ತದೆ.

ಬಿ ಫಾರಂ ಬಗ್ಗೆ ಏನು ಮಾಡಬಹುದು? ಜರ್ಮನಿಯ ಸಂವಿಧಾನದ 21ನೇ ವಿಧಿ ಪಕ್ಷಗಳ ಒಳಾಡಳಿತ ಪ್ರಜಾಪ್ರಭುತ್ವದ ತತ್ವಗಳಿಗೆ ಹೊಂದಿಕೊಂಡಿರಬೇಕು ಎನ್ನುತ್ತದೆ. ಕ್ಷೇತ್ರದ ಅಭ್ಯರ್ಥಿಯನ್ನು ಅಲ್ಲಿನ ಪಕ್ಷದ ಸದಸ್ಯರೋ ಅವರ ಪ್ರತಿನಿಧಿಗಳೋ ಗುಪ್ತ ಮತದಾನದಿಂದ ಆರಿಸಬೇಕೆಂಬುದು ಅಲ್ಲಿ ಕಾನೂನು. ನಮ್ಮ ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲೇ ಪಕ್ಷಗಳ ಒಳಗಿನ ಪ್ರಜಾಪ್ರಭುತ್ವಕ್ಕೆ ಕಾಯ್ದೆ ಬೇಕೆಂದಿತು. ಆ ಕಾಯ್ದೆ ಮಾಡಬೇಕಾದವರು ಹೈಕಮಾಂಡುಗಳೇ ಆದ್ದರಿಂದ ವರದಿ ಕಪಾಟಿನಲ್ಲಿದೆ. ಕಾಯ್ದೆ ಬಂದರೆ ಅದರಲ್ಲಿ ಅರಸರ ಎಚ್ಚರವೂ ಇರಬೇಕು. ರಾಜ್ಯಮಟ್ಟದಲ್ಲಿ ಪಕ್ಷವು ಮಹಿಳೆಯರಿಗೆ, ಹಿಂದುಳಿದವರಿಗೆ ಇಷ್ಟು ಕ್ಷೇತ್ರ ಎಂದು ಮೊದಲೇ ಗೊತ್ತುಮಾಡಿ ಪ್ರಕಟಿಸಲಿ. ಆ ಚೌಕಟ್ಟಿನೊಳಗೆ ಯಾರು ಎಂಬುದನ್ನು ಕ್ಷೇತ್ರದ ಸದಸ್ಯರು ಆರಿಸಲಿ. ಚುನಾವಣೆಗೆ ಒಂದು ವರ್ಷ ಮೊದಲೇ ಸದಸ್ಯರಾಗಿದ್ದವರಿಗೆ ಮಾತ್ರ ಆ ಮತ ಇರಲಿ, ರಾತ್ರೋರಾತ್ರಿ ಚೀಟಿ ಹಂಚುವ ಆಟ ನಿಲ್ಲುತ್ತದೆ. ಮುಖ್ಯಮಂತ್ರಿಯ ವಿಷಯದಲ್ಲಿ ಇನ್ನೂ ಸುಲಭ: ಶಾಸಕಾಂಗ ಪಕ್ಷದ ಮತ ಎಣಿಸಿ, ಅಲ್ಲೇ, ಅಂದೇ, ಸಂಖ್ಯೆ ಸಮೇತ ಪ್ರಕಟಿಸಿ. ಇಳಿಸುವಾಗಲೂ ಹಾಗೆಯೇ. ಇದಕ್ಕೆ ಸಂವಿಧಾನ ತಿದ್ದುಪಡಿ ಬೇಡ.

ಕಾಯ್ದೆ ಬರುವ ತನಕ ನಾಯಕರು ಎಲ್ಲಿ ತಯಾರಾಗಬೇಕು ಎಂಬ ಪ್ರಶ್ನೆ ಇದ್ದೇ ಇದೆ. 1983ರ ಕಾಯ್ದೆಯಡಿ ಅಬ್ದುಲ್ ನಜೀರ್ ಸಾಬರು ಕಟ್ಟಿದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ 1987ರಲ್ಲಿ ಚುನಾವಣೆ ನಡೆದಾಗ ಕಾಲು ಭಾಗ ಸ್ಥಾನ ಮಹಿಳೆಯರಿಗಿತ್ತು; ಈಗ ಅದು ಅರ್ಧ. ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳ ಚುನಾವಣೆಯಲ್ಲಿ ಕಾಗದದ ಮೇಲಾದರೂ ಪಕ್ಷವಿಲ್ಲ, ಬಿ ಫಾರಂ ಇಲ್ಲ. ಅಲ್ಲೂ ದೇವಸ್ಥಾನಕ್ಕೆ ಹಣ ಕಟ್ಟಿದವನಿಗೆ ಸದಸ್ಯಸ್ಥಾನವೆಂದು ಊರ ಮುಂದೆ ಹರಾಜು ಹಾಕಿದ ಪ್ರಸಂಗಗಳು ನಡೆದಿವೆ, ಅವಿರೋಧ ಆಯ್ಕೆಯೆಂಬ ಹೆಸರಿನಲ್ಲಿ. ಆದರೂ ವಿಧಾನಸೌಧದಲ್ಲಿ ಕಾಣದ ಮುಖಗಳು ಅಲ್ಲಿ ಕಾಣುತ್ತವೆ. ಅದರ ಮೇಲಿನ ಹಂತ ಮಾತ್ರ ಖಾಲಿ. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆಯಾದದ್ದು. ಅವಧಿ 2021ರಲ್ಲಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎನ್ನುತ್ತ ವರ್ಷಗಳು ಸಂದವು. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ತೀರಿತು. ಆಮೇಲೆ ಅಲ್ಲೂ ಆಡಳಿತಾಧಿಕಾರಿಗಳ ಕಾಲ. ಮೂರೂ ಪಕ್ಷಗಳು ಈ ವಿಳಂಬದ ಬಗ್ಗೆ ಸಿಟ್ಟಾದದ್ದು ವಿರೋಧ ಪಕ್ಷದಲ್ಲಿದ್ದಾಗ ಮಾತ್ರ. ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿ ಕೆಲಸ ಕಲಿತ ಹೆಂಗಸೊಬ್ಬಳು ಮುಂದೆ ವಿಧಾನಸಭೆಯ ಟಿಕೆಟ್ ಕೇಳಲು ಹೋದರೆ, ಹಣದ ಬದಲು ಮೇಜಿನ ಮೇಲಿಡಬಹುದಾದದ್ದು ಜಿಲ್ಲಾ ಪಂಚಾಯಿತಿಯಲ್ಲಿ ಮೂವತ್ತು ಸಾವಿರ ಜನರ ಕ್ಷೇತ್ರವೊಂದನ್ನು ಗೆದ್ದ ದಾಖಲೆ. ಆ ದಾಖಲೆ ಸಂಪಾದಿಸುವ ಅವಕಾಶ 2016ರ ನಂತರ ಯಾರಿಗೂ ಸಿಗದೆ ವರ್ಷಗಳಾದವು.